ಬ್ರಾಹ್ಮಣಿಯಲ್ಲಿ ಕಲ್ಲಿದ್ದಲು ಸಾಗಿಸುವ ಮೊದಲು ಪೂರ್ತಿ ಲೆಕ್ಕ ಕೊಡಿ: ಜಲಮಾರ್ಗ ಸಚಿವರಿಗೆ ಒಂದು ಬಹಿರಂಗ ಪತ್ರ

ಕೇಂದ್ರ ಬಂದರು, ಹಡಗು ಸಾರಿಗೆ ಮತ್ತು ಜಲಮಾರ್ಗ ಸಚಿವರಿಗೆ,
ಭಾರತೀಯ ಒಳನಾಡು ಜಲಮಾರ್ಗ ಪ್ರಾಧಿಕಾರದ ಅಧ್ಯಕ್ಷರಿಗೆ,

ಮಾನ್ಯರೇ, ನಮಸ್ಕಾರ.

ಒಡಿಶಾದ ತಾಲ್ಚೇರ್ ಗಣಿಗಳ ಕಲ್ಲಿದ್ದಲನ್ನು ಬ್ರಾಹ್ಮಣಿ ನದಿಯಲ್ಲಿ ಬಾರ್ಜ್‌ಗಳಿಗೆ, ಅಂದರೆ ಚಪ್ಪಟೆ ತಳದ ಸರಕು ದೋಣಿಗಳಿಗೆ, ತುಂಬಿ ಧಾಮ್ರಾ ಮತ್ತು ಪಾರಾದೀಪ ಬಂದರುಗಳಿಗೆ ಸಾಗಿಸುವ ಯೋಜನೆಯ ಬಗ್ಗೆ ಈ ಪತ್ರ ಬರೆಯುತ್ತಿದ್ದೇನೆ. ಅದು ರಾಷ್ಟ್ರೀಯ ಜಲಮಾರ್ಗ 5. ಸಂಸತ್ತು 2008ರಲ್ಲಿ ಕಾಯ್ದೆ ಮಾಡಿ ಘೋಷಿಸಿದ ದಾರಿ. ಒಟ್ಟು 588 ಕಿಲೋಮೀಟರ್. ಅದರಲ್ಲಿ ತಾಲ್ಚೇರ್‌ನಿಂದ ಧಾಮ್ರಾವರೆಗಿನ 265 ಕಿ.ಮೀ. ಭಾಗಕ್ಕೆ ಕಲ್ಲಿದ್ದಲೇ ಮುಖ್ಯ ಸರಕು ಅಂತ ಮೊದಲಿನಿಂದಲೂ ಹೇಳಿಕೊಂಡು ಬರಲಾಗಿದೆ.

ಕೋಲಾರ ಜಿಲ್ಲೆಯಲ್ಲಿ ಕೂತವರಿಗೆ ಒಡಿಶಾದ ನದಿಯ ಚಿಂತೆ ಯಾಕೆ ಅಂತ ನೀವು ಕೇಳಬಹುದು. ತಾಲ್ಚೇರ್‌ನ ಕಲ್ಲಿದ್ದಲಿಗೂ ನಮಗೂ ನೇರ ಸಂಬಂಧ ಇದೆ. ಅಲ್ಲಿನ ಕನಿಹಾದಲ್ಲಿ ಎನ್‌ಟಿಪಿಸಿ ಸ್ಥಾವರ ಗಣಿಯ ಪಕ್ಕದಲ್ಲೇ ಕಲ್ಲಿದ್ದಲು ಸುಡುತ್ತದೆ. ಆ ವಿದ್ಯುತ್ತು 1,300 ಕಿ.ಮೀ.ಗೂ ಉದ್ದದ ತಾಲ್ಚೇರ್–ಕೋಲಾರ ಡಿಸಿ (ನೇರ ವಿದ್ಯುತ್) ಲೈನಿನಲ್ಲಿ 2003ರಿಂದ ಇಲ್ಲಿಗೆ ಬರುತ್ತಿದೆ. ಇಲ್ಲಿಂದ ದಕ್ಷಿಣದ ರಾಜ್ಯಗಳಿಗೆ ಹಂಚಿಕೆಯಾಗುತ್ತದೆ. ಇನ್ನು ರಾಯಚೂರಿನ ಶಕ್ತಿನಗರದ ಸ್ಥಾವರಕ್ಕೆ, ತಾಲ್ಚೇರ್ ಗಣಿಗಳನ್ನೂ ನಡೆಸುವ ಸರ್ಕಾರಿ ಕಂಪನಿ ಮಹಾನದಿ ಕೋಲ್‌ಫೀಲ್ಡ್ಸ್‌ನ ಕಲ್ಲಿದ್ದಲು ರೈಲಿನಲ್ಲಿ ಬರುತ್ತದೆ. ಗಣಿಯಿಂದ ಬಾಯ್ಲರ್‌ವರೆಗೆ ಆಗುವ ಒಂದೊಂದು ರೂಪಾಯಿ ಖರ್ಚೂ ಕೊನೆಗೆ ನಮ್ಮ ಕರೆಂಟ್ ಬಿಲ್‌ಗೆ ಸೇರುತ್ತದೆ. ಅಲ್ಲಿ ಸೇರದಿದ್ದರೆ ತೆರಿಗೆಯಲ್ಲಿ ಸೇರುತ್ತದೆ. ಆದ್ದರಿಂದ ಕೇಳುವ ಹಕ್ಕು ನಮಗೂ ಇದೆ.

ನನ್ನ ಬೇಡಿಕೆ ಇಷ್ಟೇ. ಈ ದಾರಿಯ ಮೇಲ್ಭಾಗದಲ್ಲಿ ಬ್ಯಾರೇಜ್ (ನೀರು ತಡೆದು ಮಟ್ಟ ಏರಿಸುವ ಗೇಟಿನ ಕಟ್ಟೆ), ಲಾಕ್ (ಒಂದು ನೀರಿನ ಮಟ್ಟದಿಂದ ಇನ್ನೊಂದಕ್ಕೆ ಹಡಗು ಏರಿಸಿ ಇಳಿಸುವ ಗೇಟಿನ ತೊಟ್ಟಿ) ಕಟ್ಟಲು ಟೆಂಡರ್ ಕರೆಯುವ ಮೊದಲು, ಗಣಿ ಬಾಯಿಂದ ಬಾಯ್ಲರ್ ಬಾಯಿವರೆಗೆ ಒಂದು ಟನ್‌ಗೆ ಎಷ್ಟು ಖರ್ಚು ಅನ್ನುವ ಪೂರ್ತಿ ಲೆಕ್ಕವನ್ನು ಜನರ ಮುಂದೆ ಇಡಿ. ಕಿಲೋಮೀಟರಿಗೆ ಇಷ್ಟು ಪೈಸೆ ಅನ್ನುವ ಒಂದೇ ಅಂಕಿ ಹಿಡಿದು ನದಿಗೆ ಕಾಂಕ್ರೀಟ್ ಹಾಕಬೇಡಿ.

ಆ ಅಂಕಿ ಎಲ್ಲರಿಗೂ ಗೊತ್ತಿರುವುದೇ. ಒಂದು ಟನ್ ಸರಕನ್ನು ಒಂದು ಕಿ.ಮೀ. ಸಾಗಿಸಲು ರಸ್ತೆಯಲ್ಲಿ 2.50 ರೂಪಾಯಿ, ರೈಲಿನಲ್ಲಿ 1.36, ನೀರಿನಲ್ಲಿ 1.06. ಜೊತೆಗೆ ಇನ್ನೊಂದು. ಒಂದು ಲೀಟರ್ ಡೀಸೆಲ್‌ನಲ್ಲಿ ಒಂದು ಟನ್ ಸರಕು ರಸ್ತೆಯಲ್ಲಿ 24 ಕಿ.ಮೀ., ರೈಲಿನಲ್ಲಿ 85, ನೀರಿನಲ್ಲಿ 105 ಕಿ.ಮೀ. ಹೋಗುತ್ತದೆ. ಜಲಮಾರ್ಗದ ಯಾವ ಸಭೆಯಲ್ಲೂ ಇವು ತಪ್ಪುವುದಿಲ್ಲ. ನೀರಿನ ಮೇಲೆ ಭಾರ ತಳ್ಳುವುದು ಸುಲಭ, ನಿಜ. ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ರಸ್ತೆಯನ್ನು ಪಕ್ಕಕ್ಕಿಟ್ಟು ನೋಡಿ. ತಾಲ್ಚೇರ್‌ನ ಕಲ್ಲಿದ್ದಲು ಬಂದರಿಗೆ ಹೋಗುವುದು ಮುಖ್ಯವಾಗಿ ರೈಲಿನಲ್ಲಿ. ಹಾಗಾಗಿ ಹೋಲಿಕೆ ಇರಬೇಕಾದದ್ದು 1.36ಕ್ಕೂ 1.06ಕ್ಕೂ. ಉಳಿತಾಯ 30 ಪೈಸೆ.

ಈ 30 ಪೈಸೆ ಎಷ್ಟು ದೂರ ಬಾಳುತ್ತದೆ?

ನದಿ ನೇರವಾಗಿ ಹರಿಯುವುದಿಲ್ಲ. ತಾಲ್ಚೇರ್‌ನಿಂದ ಪಾರಾದೀಪಕ್ಕೆ ರೈಲು ದಾರಿ ಸುಮಾರು 200 ಕಿ.ಮೀ. ನದಿಯಲ್ಲಿ ಹೋದರೆ ಧಾಮ್ರಾ ಮುಟ್ಟುವುದಕ್ಕೇ 265 ಕಿ.ಮೀ. ನಿಮ್ಮದೇ ದರದಲ್ಲಿ ಲೆಕ್ಕ ಹಾಕಿದರೆ ರೈಲಿಗೆ 272 ರೂಪಾಯಿ, ನದಿಗೆ ಸುಮಾರು 281 ರೂಪಾಯಿ. ಸಮುದ್ರ ಕಾಣುವ ಮೊದಲೇ ಉಳಿತಾಯ ಕರಗಿ ಹೋಯಿತು. ರೈಲ್ವೆ ದರ ಕಡಿಮೆ ದೂರಕ್ಕೆ ಜಾಸ್ತಿ ಇರುತ್ತದೆ, ಆದ್ದರಿಂದ ನಿಜವಾದ ರೈಲು ಬಾಡಿಗೆ ಈ 272ಕ್ಕಿಂತ ಮೇಲಿರುತ್ತದೆ ಅಂತ ನಿಮ್ಮ ಅಧಿಕಾರಿಗಳು ಹೇಳುತ್ತಾರೆ. ಒಪ್ಪುತ್ತೇನೆ. ಹಾಗಿದ್ದರೆ ಸರಾಸರಿ ದರ ಬಿಟ್ಟು, ಈ ದಾರಿಯ ನಿಜವಾದ ದರ ಹಿಡಿದೇ ಲೆಕ್ಕ ಮಾಡಿ ತೋರಿಸಿ. ಕೇಳುತ್ತಿರುವುದು ಅದನ್ನೇ.

ಹಾಗೆ ಮಾಡುವಾಗ ಇನ್ನೊಂದು ವಿಷಯವನ್ನು ಬಿಡಿಸಿ ನೋಡಬೇಕು. ರೈಲ್ವೆ ಹೊರುವ ಒಟ್ಟು ಸರಕಿನ ತೂಕದಲ್ಲಿ ಸುಮಾರು ಅರ್ಧ ಕಲ್ಲಿದ್ದಲೇ. ಆ ಬಾಡಿಗೆಯಲ್ಲಿ ಬರುವ ಲಾಭದಿಂದ ಪ್ರಯಾಣಿಕರ ಟಿಕೆಟ್ ಅಗ್ಗವಾಗಿ ಉಳಿದಿದೆ. ಅಂದರೆ ಕಲ್ಲಿದ್ದಲಿನ ರೈಲು ಬಾಡಿಗೆ ಅದನ್ನು ಸಾಗಿಸುವ ನಿಜವಾದ ಖರ್ಚಿಗಿಂತ ಜಾಸ್ತಿ. ಬಾರ್ಜ್‌ಗೆ ಕಲ್ಲಿದ್ದಲು ಬದಲಾದರೆ ವಿದ್ಯುತ್ ಕಂಪನಿಗೆ ಉಳಿತಾಯ ಕಾಣಬಹುದು. ಅಷ್ಟೇ ಹಣ ರೈಲ್ವೆಗೆ ಖೋತಾ ಆಗುತ್ತದೆ. ಅದನ್ನು ಎರಡನೇ ದರ್ಜೆಯ ಪ್ರಯಾಣಿಕರೋ ಬೊಕ್ಕಸವೋ ತುಂಬಬೇಕು. ಒಂದು ಜೇಬಿನಿಂದ ಇನ್ನೊಂದಕ್ಕೆ ಹೋದ ದುಡ್ಡನ್ನು ದೇಶದ ಉಳಿತಾಯ ಅಂತ ಯೋಜನಾ ವರದಿಯಲ್ಲಿ ಬರೆಯುವುದು ಸರಿಯಲ್ಲ. ದೇಶಕ್ಕೆ ಉಳಿಯುವುದು ಡೀಸೆಲ್, ವಿದ್ಯುತ್, ಉಕ್ಕು, ಮನುಷ್ಯರ ದುಡಿಮೆ ನಿಜವಾಗಿ ಕಡಿಮೆಯಾದಾಗ ಮಾತ್ರ. ಅಲ್ವಾ?

ಇನ್ನು ದಾರಿ ಮಾಡಿದ ಖರ್ಚು. ರೈಲ್ವೆ ತನ್ನ ಬಾಡಿಗೆಯಲ್ಲಿ ಹಳಿಯ ಖರ್ಚನ್ನೂ ಸೇರಿಸಿ ವಸೂಲು ಮಾಡುತ್ತದೆ. ಜಲಮಾರ್ಗದಲ್ಲಿ ಹಾಗಿಲ್ಲ. ಬಳಕೆ ಶುಲ್ಕ ಅಂತ ಇದ್ದದ್ದು ಕಿ.ಮೀ.ಗೆ ಹಡಗಿನ ಜಿಆರ್‌ಟಿ (ಹಡಗಿನ ಒಳಗಾತ್ರದ) ಅಳತೆಯ ಮೇಲೆ 2 ಪೈಸೆ. ಅದನ್ನೂ 2020ರಲ್ಲಿ ಮೂರು ವರ್ಷಕ್ಕೆ ಮನ್ನಾ ಮಾಡಿದಿರಿ. 2024ರ ಡಿಸೆಂಬರ್‌ನಲ್ಲಿ ಜಲವಾಹಕ್ ಯೋಜನೆ ತಂದಿರಿ. ಗಂಗಾ, ಬ್ರಹ್ಮಪುತ್ರಾ ಮತ್ತು ಬರಾಕ್ ನದಿಗಳಲ್ಲಿ 300 ಕಿ.ಮೀ.ಗಿಂತ ಹೆಚ್ಚು ದೂರ ಸರಕು ಒಯ್ದವರಿಗೆ ಓಡಾಟದ ಖರ್ಚಿನ 35 ಶೇಕಡಾದವರೆಗೆ ವಾಪಸ್ ಕೊಡುವ ಯೋಜನೆ ಅದು. ಹೊಸ ದಾರಿಗೆ ಆರಂಭದಲ್ಲಿ ಕೈ ಹಿಡಿಯಬೇಕು ಅನ್ನುವುದು ಅರ್ಥವಾಗುತ್ತದೆ. ಆದರೆ ಮೂರನೇ ಒಂದು ಭಾಗದಷ್ಟು ಖರ್ಚು ತುಂಬಿಕೊಟ್ಟು ಸರಕನ್ನು ಕರೆಯಬೇಕಾಗಿದೆ ಅಂದರೆ, 1.06 ರೂಪಾಯಿ ಅನ್ನುವ ದರ ವ್ಯಾಪಾರಿಯ ಕೈಗೆ ಸಿಗುತ್ತಿಲ್ಲ ಅಂತಲೇ ಅರ್ಥ.

ಬಂಡವಾಳದ ಬಡ್ಡಿಯನ್ನು ಒಂದು ಉದಾಹರಣೆಯಾಗಿ ಹಾಕಿ ನೋಡೋಣ. ನದಿಗೆ 1,000 ಕೋಟಿ ರೂಪಾಯಿ ಸುರಿದರು ಅಂದುಕೊಳ್ಳಿ. ಶೇಕಡಾ 8ರಂತೆ ವರ್ಷಕ್ಕೆ 80 ಕೋಟಿ ಬಡ್ಡಿ. ವರ್ಷಕ್ಕೆ ಒಂದು ಕೋಟಿ ಟನ್ ಕಲ್ಲಿದ್ದಲು ಬಂದರೆ ಟನ್‌ಗೆ 80 ರೂಪಾಯಿ. ನದಿಯೂ ರೈಲೂ ಒಂದೇ ದೂರ ಅಂತ ಧಾರಾಳವಾಗಿ ಒಪ್ಪಿಕೊಂಡರೂ 265 ಕಿ.ಮೀ.ಗೆ 30 ಪೈಸೆಯಂತೆ ಉಳಿಯುವುದು 79.50 ರೂಪಾಯಿ. ಬಡ್ಡಿಯೇ ಅದನ್ನು ತಿಂದು ಹಾಕಿತು. ಹೂಳೆತ್ತುವುದು, ಲಾಕ್ ನಡೆಸುವುದು, ಜೆಟ್ಟಿ, ಕನ್ವೇಯರ್, ಇವೆಲ್ಲ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಒಂದು ಕೋಟಿ ಟನ್ ಬರುವ ಜಾಗದಲ್ಲಿ 20 ಲಕ್ಷ ಟನ್ ಬಂದರೆ? ಬಡ್ಡಿ ಟನ್‌ಗೆ 400 ರೂಪಾಯಿ. ಜಲಮಾರ್ಗದ ಖರ್ಚಿನಲ್ಲಿ ದೊಡ್ಡ ಪಾಲು ಮೊದಲೇ ಆಗಿಬಿಡುತ್ತದೆ. ಸರಕು ಬಂದರೂ ಬಾರದಿದ್ದರೂ ಆ ಖರ್ಚು ನಿಲ್ಲುವುದಿಲ್ಲ. ಅದಕ್ಕೇ ಸರಕಿನ ಅಂದಾಜು ಸರಿಯಿದೆಯೇ ಅನ್ನುವುದು ಈ ಇಡೀ ಯೋಜನೆಯ ಪ್ರಾಣ.

ಸರಕಿನ ಅಂದಾಜು ಹೇಗೆ ಕೈಕೊಡುತ್ತದೆ ಅನ್ನುವುದನ್ನು ಅಮೆರಿಕ ನೋಡಿದೆ. ಅಲ್ಲಿ ಟೆನೆಸ್ಸಿ–ಟಾಂಬಿಗ್ಬಿ ಜಲಮಾರ್ಗ 1985ರಲ್ಲಿ ಸಂಚಾರಕ್ಕೆ ತೆರೆಯಿತು. ಸುಮಾರು 377 ಕಿ.ಮೀ. ಉದ್ದ, 10 ಲಾಕ್, ಖರ್ಚು ಹತ್ತಿರ ಹತ್ತಿರ 200 ಕೋಟಿ ಡಾಲರ್. ಪನಾಮಾ ಕಾಲುವೆಗಿಂತ ಜಾಸ್ತಿ ಮಣ್ಣು ತೆಗೆದರು. ಅಪಲಾಚಿಯಾದ ಕಲ್ಲಿದ್ದಲು ಈ ದಾರಿಯಲ್ಲಿ ಅಲಬಾಮಾ ರಾಜ್ಯದ ಮೊಬೈಲ್ ಅನ್ನುವ ಬಂದರಿಗೆ ಇಳಿದು ಹೊರದೇಶಗಳಿಗೆ ಹೋಗುತ್ತದೆ ಅನ್ನುವುದು ಲೆಕ್ಕಾಚಾರದ ಬೆನ್ನೆಲುಬು. ದಾರಿ ತೆರೆಯುವ ಹೊತ್ತಿಗೆ ಕಲ್ಲಿದ್ದಲಿನ ರಫ್ತು ಮಾರುಕಟ್ಟೆ ಬದಲಾಗಿತ್ತು. ಪಕ್ಕದಲ್ಲಿ ರೈಲೂ ಇತ್ತು, ಮಿಸಿಸಿಪ್ಪಿ ನದಿಯೂ ಇತ್ತು. ಮೊದಲ ವರ್ಷಗಳ ಸರಕು ಅಂದಾಜಿನ ಹತ್ತಿರಕ್ಕೂ ಬರಲಿಲ್ಲ. ಇವತ್ತು ಆ ದಾರಿಯಲ್ಲಿ ಮರದ ಉತ್ಪನ್ನಗಳು ದೊಡ್ಡ ಪಾಲು. ಕಾಲುವೆ ಕೆಟ್ಟದ್ದಾಗಿ ಕಟ್ಟಿದ್ದಲ್ಲ. ಎಂಜಿನಿಯರುಗಳ ಕೆಲಸ ಅಚ್ಚುಕಟ್ಟಾಗಿಯೇ ಇತ್ತು. ಯಾವ ಸರಕಿಗಾಗಿ ಕಟ್ಟಿದರೋ ಆ ಸರಕು ಬರಲಿಲ್ಲ.

ನಮ್ಮಲ್ಲೇ ಫರಕ್ಕಾ ಇದೆ. ಗಂಗೆಯಲ್ಲಿ, ಅಂದರೆ ರಾಷ್ಟ್ರೀಯ ಜಲಮಾರ್ಗ 1ರಲ್ಲಿ, ಹಲ್ದಿಯಾದಿಂದ ಫರಕ್ಕಾವರೆಗೆ ಸುಮಾರು 560 ಕಿ.ಮೀ. ಸಮುದ್ರದಲ್ಲೇ ದೊಡ್ಡ ಹಡಗಿನಿಂದ ಬಾರ್ಜ್‌ಗೆ ಆಮದು ಕಲ್ಲಿದ್ದಲು ಇಳಿಸಿ, 2,100 ಮೆಗಾವ್ಯಾಟ್‌ನ ಫರಕ್ಕಾ ಸ್ಥಾವರಕ್ಕೆ ವರ್ಷಕ್ಕೆ 30 ಲಕ್ಷ ಟನ್‌ನಂತೆ 7 ವರ್ಷ ಒಯ್ಯಬೇಕು ಅಂತ 2011ರಲ್ಲಿ ಒಪ್ಪಂದವಾಯಿತು. 2013ರಲ್ಲಿ ಸಾಗಾಟ ಶುರುವಾಯಿತು. ಖಾಸಗಿಯವರು ಬಾರ್ಜ್, ಕ್ರೇನ್, ಕನ್ವೇಯರ್ ಎಲ್ಲಕ್ಕೂ ಹಣ ಹಾಕಿದರು. ಜಲಮಾರ್ಗಕ್ಕೆ ಇದೇ ಮಾದರಿ ಅಂತ ಆಗ ಎಲ್ಲರೂ ಹೊಗಳಿದರು. ಮುಂದೆ ದೇಶದಲ್ಲೇ ಕಲ್ಲಿದ್ದಲು ಜಾಸ್ತಿ ತೆಗೆದು ಆಮದು ಇಳಿಸಬೇಕು ಅನ್ನುವುದು ಸರ್ಕಾರದ ನೀತಿಯಾಯಿತು. ದೇಶದ ದೃಷ್ಟಿಯಿಂದ ಅದು ಒಳ್ಳೆಯ ನೀತಿಯೇ. ಆದರೆ ಆಮದು ಕಲ್ಲಿದ್ದಲನ್ನೇ ನಂಬಿದ ಬಾರ್ಜ್‌ಗಳಿಗೆ ಕೆಲಸ ಎಲ್ಲಿಂದ ಬರಬೇಕು? ಒಪ್ಪಂದ ಕೊನೆಗೆ ಮಧ್ಯಸ್ಥಿಕೆಗೆ, ಅಲ್ಲಿಂದ ಕೋರ್ಟಿಗೆ ಹೋಯಿತು. ಯಾರದ್ದು ಸರಿ, ಯಾರದ್ದು ತಪ್ಪು ಅನ್ನುವುದು ಕೋರ್ಟಿಗೆ ಬಿಟ್ಟದ್ದು. ನನಗೆ ಕಾಡುವುದು ಬೇರೆ. ಬರೀ 7 ವರ್ಷದ ಒಪ್ಪಂದಕ್ಕೇ ಕಲ್ಲಿದ್ದಲು ಕೈಕೊಟ್ಟಿತು. ಲಾಕ್, ಬ್ಯಾರೇಜ್‌ಗಳ ಆಯಸ್ಸು 50 ವರ್ಷಕ್ಕೂ ಜಾಸ್ತಿ. 2070ಕ್ಕೆ ನೆಟ್ ಜೀರೋ (ಇಂಗಾಲ ಹೊರಸೂಸುವಿಕೆ ನಿವ್ವಳ ಸೊನ್ನೆ) ಮುಟ್ಟುತ್ತೇವೆ ಅಂತ ದೇಶ ಜಗತ್ತಿಗೆ ಮಾತು ಕೊಟ್ಟಿದೆ. ಇವತ್ತು ಕಟ್ಟುವ ಲಾಕ್ ಆಗಲೂ ನಿಂತಿರುತ್ತದೆ. ಅದರ ಮೂಲಕ ಹಾದು ಹೋಗುವುದು ಏನು?

ಕಲ್ಲಿದ್ದಲಿಗೆ ಈಗ ಬೇಡಿಕೆ ಇಲ್ಲ ಅಂತ ನಾನು ಹೇಳುತ್ತಿಲ್ಲ. ಮಹಾನದಿ ಕೋಲ್‌ಫೀಲ್ಡ್ಸ್ ಒಂದೇ 2023-24ರಲ್ಲಿ 20 ಕೋಟಿ ಟನ್ ದಾಟಿತು. ಹಳಿಗಳ ಮೇಲೆ ಒತ್ತಡ ಇದೆ, ಬೇಸಿಗೆಯಲ್ಲಿ ಸ್ಥಾವರಗಳಲ್ಲಿ ದಾಸ್ತಾನು ಇಳಿಯುತ್ತದೆ, ಅದರ ಬಿಸಿ ರಾಯಚೂರಿಗೂ ತಟ್ಟಿದೆ. ಸರಿ, ಆ ಒತ್ತಡವನ್ನು ನದಿ ಎಷ್ಟು ಇಳಿಸೀತು? ಒಂದು ರೇಕ್, ಅಂದರೆ ಒಂದು ಪೂರ್ತಿ ಗೂಡ್ಸ್ ರೈಲು, ಸುಮಾರು 4,000 ಟನ್ ಹೊರುತ್ತದೆ. ವರ್ಷಕ್ಕೆ ಒಂದು ಕೋಟಿ ಟನ್ ಅಂದರೆ ದಿನಕ್ಕೆ 7 ರೇಕ್. ಇದನ್ನೇ 2,000 ಟನ್‌ನ ಬಾರ್ಜ್‌ಗಳಲ್ಲಿ ಒಯ್ಯಲು 5,000 ಟ್ರಿಪ್ ಬೇಕು. ವರ್ಷದಲ್ಲಿ 250 ದಿನ ಸರಿಯಾದ ಆಳ ಸಿಕ್ಕಿತು ಅಂದುಕೊಂಡರೆ ದಿನಕ್ಕೆ 20 ಬಾರ್ಜ್ ಕೆಳಗೆ, 20 ಖಾಲಿ ಬಾರ್ಜ್ ಮೇಲೆ. ಒಂದೊಂದು ಲಾಕ್‌ನಲ್ಲೂ ದಿನಕ್ಕೆ 40 ಸಲ ಗೇಟು ತೆಗೆದು ಹಾಕಬೇಕು. ಒಂದು ಸಲಕ್ಕೆ ಒಂದೇ ಬಾರ್ಜ್ ಹಿಡಿಯುವ ಲಾಕ್ ಆದರೆ, ಅರ್ಧ ಗಂಟೆಯಂತೆ 20 ಗಂಟೆ ಬೇಕು. ಇಷ್ಟೆಲ್ಲ ಮಾಡಿದರೂ ಅದು 20 ಕೋಟಿಯಲ್ಲಿ ಒಂದು ಕೋಟಿ. ಅಷ್ಟರಲ್ಲಿ ರೈಲ್ವೆ ಸುಮ್ಮನೆ ಕೂತಿಲ್ಲ. ಹರಿದಾಸಪುರ–ಪಾರಾದೀಪ ನಡುವಿನ 82 ಕಿ.ಮೀ. ಹೊಸ ಲೈನು 2020ರಲ್ಲಿ ಶುರುವಾಯಿತು. ಧಾಮ್ರಾ ಬಂದರಿಗೆ ಭದ್ರಕ್‌ನಿಂದ ರೈಲು ದಾರಿ ಇದೆ. ನಿಮ್ಮ ಯೋಜನಾ ವರದಿ ಹೋಲಿಸಬೇಕಾದದ್ದು ಈ ಹೊಸ ಲೈನುಗಳ ಜೊತೆ, 2008ರ ರೈಲ್ವೆ ಜೊತೆ ಅಲ್ಲ.

ಆಳದ ವಿಷಯಕ್ಕೆ ಸ್ವಲ್ಪ ನಿಲ್ಲುತ್ತೇನೆ. ಜಲಮಾರ್ಗದ ಅರ್ಥಶಾಸ್ತ್ರ ನಿಂತಿರುವುದೇ ಅಲ್ಲಿ. ಬಾರ್ಜ್‌ಗೆ ಮೂರು ಮೀಟರ್ ನೀರು ಸಿಕ್ಕರೆ ಪೂರ್ತಿ ಲೋಡ್ ಹಾಕಬಹುದು. ಎರಡು ಮೀಟರ್‌ಗೆ ಇಳಿದರೆ ಲೋಡ್ ತೀರಾ ಕಡಿಮೆ ಮಾಡಬೇಕು. ಸಿಬ್ಬಂದಿ ಅಷ್ಟೇ, ದಿನ ಅಷ್ಟೇ, ಡೀಸೆಲ್ ಕೂಡ ದೊಡ್ಡದಾಗಿ ಉಳಿಯುವುದಿಲ್ಲ. ಟನ್‌ಗೆ ಖರ್ಚು ಮಾತ್ರ ಏರುತ್ತದೆ. ಯುರೋಪಿನ ರೈನ್ ನದಿಗಿಂತ ಪಳಗಿದ ಜಲಮಾರ್ಗ ಇನ್ನೊಂದಿಲ್ಲ. 2018ರಲ್ಲಿ ಜರ್ಮನಿಯ ಕೌಬ್ ಅನ್ನುವ ಜಾಗದಲ್ಲಿ ನೀರು ಇಳಿದು ಬಾರ್ಜ್‌ಗಳು ಲೋಡ್ ಇಳಿಸಿಕೊಂಡೇ ಓಡಿದವು. 2022ರ ಬೇಸಿಗೆಯಲ್ಲಿ ಮತ್ತೆ ಹಾಗಾಯಿತು. ಕಲ್ಲಿದ್ದಲಿಗೆ ಅತಿ ಹೆಚ್ಚು ಅವಸರ ಇದ್ದ ವರ್ಷ ಅದು. ಆ ನದಿಗೆ ಆಲ್ಪ್ಸ್‌ನ ಹಿಮದ ನೀರಿನ ಆಸರೆ ಇದೆ. ಬ್ರಾಹ್ಮಣಿಗೆ ಇರುವುದು ಮಳೆಗಾಲ ಮತ್ತು ರೆಂಗಾಲಿ ಅಣೆಕಟ್ಟು. ನಮ್ಮಲ್ಲಿ ಕರೆಂಟಿನ ಬೇಡಿಕೆ ಏರುವುದು ಬೇಸಿಗೆಯಲ್ಲಿ. ನದಿ ಅತಿ ತೆಳುವಾಗುವುದೂ ಆಗಲೇ. ಕಲ್ಲಿದ್ದಲು ಬೇಕೇ ಬೇಕಾದಾಗ ದಾರಿ ಸಿಗುವುದಿಲ್ಲ. ಆಗ ಹೇಗೂ ರೈಲನ್ನೇ ಕೇಳಬೇಕು. ಅಂದರೆ ರೈಲಿನ ಸಾಮರ್ಥ್ಯವನ್ನು ಮೊದಲಿನಷ್ಟೇ ಇಟ್ಟುಕೊಂಡಿರಬೇಕು. ಎರಡು ದಾರಿಗೂ ದುಡ್ಡು ಹಾಕಿದ ಹಾಗಾಯಿತು.

ರೆಂಗಾಲಿಯಿಂದ ಬೇಸಿಗೆಯಲ್ಲಿ ನೀರು ಬಿಡುತ್ತೇವೆ ಅನ್ನಬಹುದು. ಆ ನೀರಿಗೆ ಕಾಲುವೆಯ ರೈತರು ಕಾಯುತ್ತಾರೆ. ಅಂಗುಲ್, ತಾಲ್ಚೇರ್‌ನ ಕಾರ್ಖಾನೆಗಳು, ವಿದ್ಯುತ್ ಸ್ಥಾವರಗಳು ಅದನ್ನೇ ನಂಬಿವೆ. ಕೆಳಗೆ ಭಿತರ್‌ಕನಿಕಾದ ಮ್ಯಾಂಗ್ರೋವ್ ಕಾಡು, ಉಪ್ಪುನೀರಿನ ಮೊಸಳೆಗಳ ನೆಲೆ. ಸಿಹಿನೀರು ಕಡಿಮೆಯಾದರೆ ಅಲ್ಲಿ ಉಪ್ಪು ಏರುತ್ತದೆ. ಬಾರ್ಜ್‌ಗೆ ಆಳ ಕಾಯಲು ಯಾರ ನೀರನ್ನು, ಯಾವ ತಿಂಗಳು, ಎಷ್ಟು ತಡೆಯುತ್ತೀರಿ, ಎಷ್ಟು ಬಿಡುತ್ತೀರಿ? ಆ ನೀರಿಗೂ ಬೆಲೆ ಇದೆ. ಅದೂ ಟನ್‌ನ ಲೆಕ್ಕದಲ್ಲಿ ಬರಬೇಕು.

ಎತ್ತಿ ಇಳಿಸುವ ಖರ್ಚನ್ನು ಬೇಗ ಹೇಳಿ ಮುಗಿಸುತ್ತೇನೆ. ರೈಲು ಗಣಿಯ ಸೈಡಿಂಗ್‌ನಲ್ಲೇ ತುಂಬಿಕೊಂಡು ನೇರ ಬಂದರಿನ ಒಳಗೆ ಹೋಗಿ ವ್ಯಾಗನ್ ಮಗುಚುತ್ತದೆ. ಬಾರ್ಜ್ ಆದರೆ ಗಣಿಯಿಂದ ಜೆಟ್ಟಿಗೆ ಲಾರಿಯೋ ಕನ್ವೇಯರೋ ಬೇಕು, ಜೆಟ್ಟಿಯಲ್ಲಿ ರಾಶಿ ಹಾಕಬೇಕು, ಮತ್ತೆ ತುಂಬಬೇಕು, ಬಂದರಿನಲ್ಲಿ ಮತ್ತೆ ಎತ್ತಬೇಕು. ಪ್ರತಿ ಸಲವೂ ಖರ್ಚು, ಪ್ರತಿ ಸಲವೂ ಸ್ವಲ್ಪ ಕಲ್ಲಿದ್ದಲು ನಷ್ಟ, ಪ್ರತಿ ಸಲವೂ ದೂಳು. ಆ ದೂಳಿನ ಖರ್ಚು ಯಾರ ಪುಸ್ತಕದಲ್ಲೂ ಬರೆದಿರುವುದಿಲ್ಲ. ನಮ್ಮ ಬಳ್ಳಾರಿಯ ಉಕ್ಕಿಗೆ ಬೇಕಾದ ಕಲ್ಲಿದ್ದಲು ಮುರ್ಮುಗೋವಾ ಬಂದರಿನಲ್ಲಿ ಇಳಿಯುತ್ತದೆ. ಅದರ ದೂಳು ವಾಸ್ಕೋದ ಮನೆಗಳ ಕಿಟಕಿಗಳ ಮೇಲೆ ಕೂರುತ್ತದೆ. ಮಾಂಡೋವಿ, ಜುವಾರಿ ನದಿಗಳನ್ನು ರಾಷ್ಟ್ರೀಯ ಜಲಮಾರ್ಗ ಮಾಡಿದಾಗ ಗೋವಾದ ಜನ ಬೀದಿಗೆ ಇಳಿದದ್ದು ಇದೇ ಭಯದಿಂದ. ಕಲ್ಲಿದ್ದಲಿನ ಲಾಭ ನಮ್ಮ ಕಡೆ, ದೂಳು ಅವರ ಕಡೆ. ಈ ಮಾತನ್ನು ಕನ್ನಡಿಗರಾದ ನಾವು ಜೋರಾಗಿ ಹೇಳಬೇಕಿತ್ತು, ಹೇಳಲಿಲ್ಲ.

ಜಲಮಾರ್ಗವೇ ಬೇಡ ಅನ್ನುವವನು ನಾನಲ್ಲ. ಎಲ್ಲಿ ಅದು ಗೆದ್ದಿದೆ ಅಂತ ನೋಡಿದರೆ ದಾರಿ ಸಿಗುತ್ತದೆ. ಇಂಗ್ಲೆಂಡಿನಲ್ಲಿ 1761ರಲ್ಲಿ ವರ್ಸ್ಲಿಯ ಗಣಿಯಿಂದ ಮ್ಯಾಂಚೆಸ್ಟರಿಗೆ ಬ್ರಿಡ್ಜ್‌ವಾಟರ್ ಕಾಲುವೆ ಬಂದಾಗ ಊರಿನಲ್ಲಿ ಕಲ್ಲಿದ್ದಲಿನ ಬೆಲೆ ಅರ್ಧಕ್ಕೆ ಇಳಿಯಿತು. ಆಗ ಎದುರಾಳಿ ಹೇರು ಹೊತ್ತ ಕುದುರೆ. ಇವತ್ತು ಎದುರಾಳಿ ಎಲೆಕ್ಟ್ರಿಕ್ ಎಂಜಿನ್ ಎಳೆಯುವ ಗೂಡ್ಸ್ ರೈಲು. ಮಹಾರಾಷ್ಟ್ರದ ಅಂಬಾ ನದಿ ನೋಡಿ. ಧರಮ್‌ತರ್ ಖಾರಿಯಲ್ಲಿ ಉಬ್ಬರದ ನೀರು ತಾನಾಗಿ ಆಳ ಕೊಡುತ್ತದೆ. ಸಮುದ್ರದಿಂದ ಬಂದ ಅದಿರು, ಕಲ್ಲಿದ್ದಲು ಡೋಳ್ವಿಯ ಉಕ್ಕಿನ ಕಾರ್ಖಾನೆಯ ಜೆಟ್ಟಿಗೇ ಬಂದು ನಿಲ್ಲುತ್ತದೆ. ನಡುವೆ ಲಾಕ್ ಇಲ್ಲ, ಮತ್ತೊಮ್ಮೆ ರೈಲು ಹತ್ತಿಸುವುದಿಲ್ಲ. ಗೋವಾದಲ್ಲಿ ದಶಕಗಳ ಕಾಲ ಕಬ್ಬಿಣದ ಅದಿರು ಬಾರ್ಜ್‌ಗಳಲ್ಲಿ ಹೋದದ್ದೂ ಹೀಗೇ. 2024-25ರಲ್ಲಿ ದೇಶದ ಜಲಮಾರ್ಗಗಳಲ್ಲಿ 14.5 ಕೋಟಿ ಟನ್ ಸರಕು ಸಾಗಿತು ಅಂತ ನೀವು ಹೆಮ್ಮೆಯಿಂದ ಹೇಳುತ್ತೀರಿ. ಹೆಮ್ಮೆ ಪಡಬೇಕಾದದ್ದೇ. ಆದರೆ ಅದರಲ್ಲಿ ದೊಡ್ಡ ಪಾಲು ಹೀಗೆ ಸಮುದ್ರಕ್ಕೆ ಅಂಟಿದ ಖಾರಿ, ಅಳಿವೆಗಳದ್ದು. ಆ ಅಂಕಿ ತೋರಿಸಿ ಒಳನಾಡಿನ ನದಿ ಅಗೆಯಲು ಹೊರಡಬಾರದು.

ಈ ಬೆಳಕಿನಲ್ಲಿ ಜಲಮಾರ್ಗ 5ರಲ್ಲೇ ಒಂದು ಒಳ್ಳೆಯ ಭಾಗ ಕಾಣುತ್ತದೆ. ಅದು ಕೆಳಗಿನ ಭಾಗ. ಸಮುದ್ರಕ್ಕೆ ಅಂಟಿದ ಪಾರಾದೀಪ, ಧಾಮ್ರಾ ಕಡೆಯಿಂದ ಪಾಂಕಪಾಲ್ ಅನ್ನುವ ಊರಿನ ದಿಕ್ಕಿನವರೆಗೆ. ಅಲ್ಲಿಂದ ಕಳಿಂಗನಗರದ ಉಕ್ಕಿನ ಕಾರ್ಖಾನೆಗಳು ದೂರ ಇಲ್ಲ. ಉಕ್ಕಿಗೆ ಬೇಕಾದ ಕೋಕಿಂಗ್ ಕಲ್ಲಿದ್ದಲು ಹೊರದೇಶದಿಂದ ಬಂದು ಮೇಲಕ್ಕೆ ಹೋಗಬೇಕು. ತಯಾರಾದ ಉಕ್ಕು ಕೆಳಕ್ಕೆ ಬರಬೇಕು. ಎರಡೂ ಕಡೆ ಸರಕು. ತಾಲ್ಚೇರ್ ಕಲ್ಲಿದ್ದಲಿಗೆ ಈ ಅನುಕೂಲ ಇಲ್ಲ, ಬಾರ್ಜ್ ಖಾಲಿಯೇ ವಾಪಸ್ ಹೋಗಬೇಕು. ಮೊದಲು ಕೆಳಗಿನ ಭಾಗ ಮಾಡಿ. ಕೆಲವು ವರ್ಷ ಓಡಲಿ. ಎಷ್ಟು ದಿನ ಎಷ್ಟು ಆಳ ಸಿಕ್ಕಿತು, ಟನ್‌ಗೆ ನಿಜವಾಗಿ ಎಷ್ಟು ಬಿತ್ತು ಅಂತ ತಿಂಗಳು ತಿಂಗಳೂ ಪ್ರಕಟಿಸಿ. ಅಂಕಿ ಚೆನ್ನಾಗಿದ್ದರೆ ಮೇಲಕ್ಕೆ ಹೋಗುವ ಮಾತಾಡೋಣ. ಆಗಲೂ ತಾಲ್ಚೇರ್‌ನ ಕಲ್ಲಿದ್ದಲಿಗೆ ಲಾಕ್ ಕಟ್ಟುವ ಮೊದಲು ವಿದ್ಯುತ್ ತಂತಿಯ ಜೊತೆ ಹೋಲಿಸಿ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಬೂದಿಯೇ. ಅದನ್ನು ನದಿಯಲ್ಲೂ ರೈಲಿನಲ್ಲೂ ಹೊತ್ತು ತಿರುಗುವ ಬದಲು ಕೋಲಾರಕ್ಕೆ ವಿದ್ಯುತ್ತಾಗಿಯೇ ಕಳಿಸುತ್ತಿದ್ದೀರಿ, 20 ವರ್ಷಕ್ಕೂ ಮೇಲಾಯಿತು. ಅದರ ಟನ್‌ವಾರು ಖರ್ಚು ನಿಮ್ಮದೇ ಸರ್ಕಾರದ ಕಡತಗಳಲ್ಲಿ ಇದೆ.

ಇದೇ ಹೊತ್ತಿನಲ್ಲಿ ಕರ್ನಾಟಕದ ನದಿಗಳ ಮಾತೂ ಹೇಳಿಬಿಡುತ್ತೇನೆ. 2016ರ ಕಾಯ್ದೆ ದೇಶದ 111 ದಾರಿಗಳಿಗೆ ರಾಷ್ಟ್ರೀಯ ಜಲಮಾರ್ಗ ಅಂತ ಹೆಸರು ಕೊಟ್ಟಿತು. ತುಂಗಭದ್ರಾ, ಮಲಪ್ರಭಾ, ಘಟಪ್ರಭಾ ಎಲ್ಲವೂ ಪಟ್ಟಿಯಲ್ಲಿವೆ. ಜಲಮಾರ್ಗ 4ರ ಕೃಷ್ಣಾ ಬಾಗಲಕೋಟೆ ಜಿಲ್ಲೆಯ ಗಲಗಲಿವರೆಗೆ ಬಂದಿದೆ. ಶಕ್ತಿನಗರದ ಸ್ಥಾವರ ಇರುವುದೂ ಕೃಷ್ಣೆಯ ದಡದಲ್ಲೇ. ಹಾಗಾಗಿ ಕಲ್ಲಿದ್ದಲನ್ನು ನದಿಯಲ್ಲೇ ತರಬಹುದಲ್ಲ ಅಂತ ಯಾರಿಗಾದರೂ ಅನ್ನಿಸಬಹುದು. ಕೆಳಗೆ ನಾಗಾರ್ಜುನಸಾಗರ 124 ಮೀಟರ್, ಶ್ರೀಶೈಲ 145 ಮೀಟರ್ ಎತ್ತರ ನಿಂತಿವೆ. ಬೇಸಿಗೆಯಲ್ಲಿ ರಾಯಚೂರಿನ ಬಳಿ ನದಿಯಲ್ಲಿ ಬಂಡೆಗಳೇ ಜಾಸ್ತಿ ಕಾಣುತ್ತವೆ. ಅಂಥ ದಾರಿಗೆ ವರದಿ ಬರೆಸಲು ಕೂಡ ದುಡ್ಡು ಹಾಕಬೇಡಿ. ಕಾಳಿ, ಶರಾವತಿಯ ಅಳಿವೆಗಳಲ್ಲಿ, ಪಂಚಗಂಗಾವಳಿಯಲ್ಲಿ ದೋಣಿ, ಬಾರ್ಜ್‌ಗಳಿಗೆ ಸಣ್ಣ ಜೆಟ್ಟಿ ಕೇಳುವ ಜನ ಇದ್ದಾರೆ. ಆ ಹಣ ಅಲ್ಲಿಗೆ ಕೊಡಿ.

ಜಲಮಾರ್ಗ 5ರ ಪೂರ್ತಿ ಯೋಜನಾ ವರದಿಯನ್ನು, ಸರಕಿನ ಅಂದಾಜು ಮತ್ತು ಆಳದ ದಿನಗಳ ಲೆಕ್ಕ ಸಮೇತ, ಒಡಿಯಾದಲ್ಲೂ ಇಂಗ್ಲಿಷಿನಲ್ಲೂ ಪ್ರಾಧಿಕಾರದ ವೆಬ್‌ಸೈಟ್‌ನಲ್ಲಿ ಹಾಕಿ. ಟೆಂಡರ್‌ಗೆ ಮೊದಲು ಆರು ತಿಂಗಳು ಜನರಿಗೆ ಓದಲು, ಕೇಳಲು ಸಮಯ ಕೊಡಿ. ಕಲ್ಲಿದ್ದಲು ಬಾರದಿದ್ದರೆ ನಷ್ಟ ಹೊರುವವರು ಯಾರು ಅನ್ನುವುದನ್ನು ಒಪ್ಪಂದದಲ್ಲಿ ಮೊದಲೇ ಬರೆದು ಅದನ್ನೂ ಪ್ರಕಟಿಸಿ. ಇಷ್ಟನ್ನು ಕೇಳುತ್ತಿದ್ದೇನೆ.

ಇಂತಿ,
ಕೋಲಾರ ಜಿಲ್ಲೆಯ ಒಬ್ಬ ವಿದ್ಯುತ್ ಗ್ರಾಹಕ